ಒಂದೇ ಹಬ್ಬಕ್ಕೆ ಹೋಗುವುದಾದರೆ ಯಾವುದಕ್ಕೆ? ಮಾಸ್ಲೆನಿತ್ಸಾ, ಸಬಾಂತುಯ್, ಇಸಿಯಾಖ್, ಸಗಾಲ್ಗಾನ್, ನೌರಿಜ್

"ಡಾಕ್ಟ್ರ, ಈ ಸಲ ರಷ್ಯಾಕ್ಕ ಹೋಗೋದು ಅಂತ ಠರಾವ್ ಮಾಡೇವಿ. ಸುಮ್ನ ಚರ್ಚು, ಅರಮನಿ ನೋಡಿ ಬರೋದು ಬ್ಯಾಡ, ಯಾವುದರ ಹಬ್ಬದ ಟೈಮಿಗೇ ಹೋಗೋಣು ಅಂತಾಳ ಇಕಿ. ಅಲ್ಲಿ ಚೊಲೋ ಹಬ್ಬ ಯಾವ್ದು?"

ಫೋನ್ ಮಾಡಿದ್ದು ಹುಬ್ಬಳ್ಳಿಯಲ್ಲಿರುವ ನನ್ನ ಷಡ್ಡಕ. ರಷ್ಯಾದೊಳಗಿನ ತಾತಾರರ ನಾಡಿನ ರಾಜಧಾನಿ ಕಜಾನ್‌ನಲ್ಲಿ ಆರು ವರ್ಷ ಮೆಡಿಕಲ್ ಓದಿ ಬಂದ ತಪ್ಪಿಗೆ ನಾನು ನಮ್ಮ ಬಳಗಕ್ಕೆಲ್ಲ ಪುಕ್ಕಟೆ ರಷ್ಯಾ ಗೈಡ್. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ಇನ್ನೂ ಬಹಳ ಜನ ಇದ್ದಾರೆ.

ಮೊದಲನೆಯದಾಗಿ, "ರಷ್ಯಾದ ಹಬ್ಬ" ಅನ್ನುವುದು "ಭಾರತದ ಅಡುಗೆ" ಅಂದ ಹಾಗೆ. ಆ ದೇಶದಲ್ಲಿ 190ಕ್ಕೂ ಹೆಚ್ಚು ಜನಾಂಗಗಳಿವೆ. ರಷ್ಯನ್ನರ ಹಬ್ಬ ಬೇರೆ, ತಾತಾರರದು ಬೇರೆ, ಸೈಬೀರಿಯಾದ ಸಖಾ ಮತ್ತು ಬುರ್ಯಾತ್ ಜನರದು ಮತ್ತೂ ಬೇರೆ. ಗಡಿಯಾಚೆಯ ಕಜಾಕ್, ಉಜ್ಬೆಕ್ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಊರಿನವರು ಹೋಗಿ ನೋಡಬಹುದಾದ ಐದು ಹಬ್ಬಗಳು ನನ್ನ ಪಟ್ಟಿಯಲ್ಲಿವೆ. ಜುಲೈ 6ರ ರಾತ್ರಿ ಬೆಂಕಿ ಹಾರಿ, ಹೂಮಾಲೆಗಳನ್ನು ಹೊಳೆಗೆ ಬಿಡುವ ಇವಾನ್ ಕುಪಾಲಾ ಹಬ್ಬವನ್ನು ಬಿಟ್ಟಿದ್ದೇನೆ. ಫೋಟೋಗೆ ಬಲು ಚೆಂದ, ಆದರೆ ಅದರ ಸಲುವಾಗಿಯೇ ಟಿಕೆಟ್ ತೆಗೆಯಿರಿ ಎಂದು ಯಾರಿಗೂ ಹೇಳಲಾರೆ.

ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಮೂರೇ. ಚಳಿ ತಡೆಯುತ್ತೀರಾ? ಮಾಂಸ ತಿನ್ನುತ್ತೀರಾ? ನಿಂತು ನೋಡಿದರೆ ಸಾಕಾ, ಇಲ್ಲ ಒಳಗೆ ಇಳಿಯಬೇಕಾ? ಮೂರನೆಯದೇ ಮುಖ್ಯ. ಹಬ್ಬದ ಹೆಸರಿಗಿಂತ ಅದು ವೇದಿಕೆಯ ಮೇಲೆ ನಡೆಯುತ್ತದೋ ಅಂಗಳದಲ್ಲಿ ನಡೆಯುತ್ತದೋ ಎಂಬುದರ ಮೇಲೆ ನಿಮ್ಮ ದುಡ್ಡು ಸಾರ್ಥಕವೋ ದಂಡವೋ ಅನ್ನುವುದು ನಿಂತಿದೆ.

ಮಾಸ್ಲೆನಿತ್ಸಾ: ದೋಸೆ ಪ್ರಿಯರಿಗೆ, ಸಸ್ಯಾಹಾರಿಗಳಿಗೆ

ರಷ್ಯನ್ನರ ಚಳಿಗಾಲ ಕಳಿಸುವ ಹಬ್ಬ. ಈಸ್ಟರಿಗೆ ಮುಂಚಿನ ದೀರ್ಘ ಉಪವಾಸ ಶುರುವಾಗುವ ಹಿಂದಿನ ವಾರ ಪೂರ್ತಿ ನಡೆಯುತ್ತದೆ. ಆರ್ಥೊಡಾಕ್ಸ್ ಈಸ್ಟರ್ ವರ್ಷವರ್ಷ ಸರಿಯುವುದರಿಂದ ಇದೂ ಸರಿಯುತ್ತದೆ. 2027ರಲ್ಲಿ ಮಾರ್ಚ್ 8ರಿಂದ 14ರವರೆಗೆ ಬರುತ್ತದೆ.

ಹಬ್ಬದ ಜೀವ ಬ್ಲಿನಿಯಲ್ಲಿದೆ. ಬ್ಲಿನಿ ಅಂದರೆ ತೆಳ್ಳಗಿನ ಹಿಟ್ಟಿನ ದೋಸೆ. ನಮ್ಮ ನೀರುದೋಸೆಗಿಂತ ಸ್ವಲ್ಪ ದಪ್ಪ, ಬೆಣ್ಣೆ ಧಾರಾಳ. ಹುಳಿ ಕೆನೆ, ಜೇನು, ಹಣ್ಣಿನ ಜಾಮ್, ಮೀನಿನ ಮೊಟ್ಟೆ ಹೀಗೆ ಯಾವುದನ್ನಾದರೂ ಸುತ್ತಿಕೊಂಡು ತಿನ್ನುತ್ತಾರೆ. "ಪೆರ್ವಿ ಬ್ಲಿನ್ ಕೋಮೊಮ್" ಎಂದು ಅವರಲ್ಲೊಂದು ಗಾದೆ. ಮೊದಲ ದೋಸೆ ಮುದ್ದೆಯಾಗುತ್ತದೆ ಅಂತ. ಕಾವಲಿಗೆ ಈರುಳ್ಳಿ ಉಜ್ಜಿಯೂ ಮೊದಲ ದೋಸೆ ಏಳದೆ ಒದ್ದಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯಾಹಾರಿಗಳಿಗೆ ಇದು ಏಕೆ ಸೂಕ್ತವೆಂದರೆ, ಚರ್ಚಿನ ಲೆಕ್ಕದಲ್ಲಿ ಈ ವಾರ ಮಾಂಸ ನಿಷಿದ್ಧ. ಹಾಲು, ಬೆಣ್ಣೆ, ಮೊಟ್ಟೆ, ಮೀನು ಮಾತ್ರ ಸೈ. ಹಾಗಂತ ಪೇಟೆಯ ಮಳಿಗೆಗಳಲ್ಲಿ ಕಬಾಬ್ ಹೊಗೆ ಏಳುವುದಿಲ್ಲ ಅಂದುಕೊಳ್ಳಬೇಡಿ, ಏಳುತ್ತದೆ. ಬ್ಲಿನಿ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ ಎಂಬುದೂ ತಿಳಿದಿರಲಿ. ಮೊಟ್ಟೆಯನ್ನೂ ಮುಟ್ಟದವರಿಗೆ ನನ್ನ ಸಲಹೆ ಬೇರೆ: ಹಬ್ಬ ಮುಗಿದ ಮಾರನೆಯ ಸೋಮವಾರದಿಂದ ಉಪವಾಸ ಶುರು. ಆಗ ಬಹಳಷ್ಟು ಹೋಟೆಲುಗಳಲ್ಲಿ "ಪೊಸ್ತ್ನೊಯೆ ಮೆನ್ಯು" ಅಂತ ಬೇರೆ ಹಾಳೆ ಕೊಡುತ್ತಾರೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ ಅಡುಗೆ. ಕಾಲೇಜಿನ ಆರು ವರ್ಷವೂ ನಮ್ಮ ರೂಮಿನ ಮಾಧ್ವ ಹುಡುಗ ಆ ಏಳು ವಾರ ಮಾತ್ರ ಹೊಟ್ಟೆ ತುಂಬ ಉಂಡ.

ವಾರದ ಒಂದೊಂದು ದಿನಕ್ಕೂ ಒಂದೊಂದು ಹೆಸರು. ಬುಧವಾರ ಅತ್ತೆ ಅಳಿಯನನ್ನು ಕರೆದು ಬ್ಲಿನಿ ಬಡಿಸುತ್ತಾಳೆ. ಶುಕ್ರವಾರದ ಹೆಸರೇ "ಅತ್ತೆಯ ಸಂಜೆ", ಅಂದು ಅಳಿಯ ಆ ಋಣ ತೀರಿಸಬೇಕು. ಶನಿವಾರ ನಾದಿನಿಯರ ಸರದಿ. ಭಾನುವಾರ ಕ್ಷಮೆಯ ದಿನ. "ಕ್ಷಮಿಸು" ಎಂದು ಒಬ್ಬರು ಕೇಳಿದರೆ "ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸುತ್ತೇನೆ" ಎಂದು ಇನ್ನೊಬ್ಬರು ಅನ್ನಬೇಕು. ಸಂಜೆಗೆ ಹುಲ್ಲಿನ ಹೆಣ್ಣುಗೊಂಬೆ ಮಾಡಿ, ಸೀರೆಯಂಥ ಬಟ್ಟೆ ಸುತ್ತಿ, ಸುಡುತ್ತಾರೆ. ನಮ್ಮ ಕಾಮದಹನದ ಹತ್ತಿರದ ನೆಂಟ, ತಿಂಗಳೂ ಹೆಚ್ಚುಕಡಿಮೆ ಅದೇ.

ಕೊರತೆ ಎಲ್ಲಿ? ಈಗಿನ ಮಾಸ್ಲೆನಿತ್ಸಾ ನಗರಗಳಲ್ಲಿ ಬಹುಪಾಲು ವೇದಿಕೆಯ ಹಬ್ಬ. ಸೋವಿಯತ್ ಕಾಲದಲ್ಲಿ ಧರ್ಮದ ಹೆಸರೇ ಬೇಡವೆಂದು ಇದಕ್ಕೆ "ರಷ್ಯನ್ ಚಳಿಗಾಲದ ಬೀಳ್ಕೊಡುಗೆ" ಎಂದು ಹೆಸರಿಟ್ಟು, ಉದ್ಯಾನದ ಕಾರ್ಯಕ್ರಮ ಮಾಡಿಬಿಟ್ಟರು. ಆ ಗುಣ ಇನ್ನೂ ಬಿಟ್ಟಿಲ್ಲ. ಮೈಕ್ ಹಿಡಿದ ನಿರೂಪಕಿ, ಬಾಡಿಗೆ ಪೋಷಾಕು, ಬ್ಲಿನಿಗೆ ಅರ್ಧ ಗಂಟೆ ಸಾಲು. ಮನೆಯೊಳಗಿನ ಅತ್ತೆ ಅಳಿಯನ ಆಟ ಪ್ರವಾಸಿಗೆ ಕಾಣುವುದಿಲ್ಲ. ಹೋಗುವುದಾದರೆ ಮಾಸ್ಕೋದ ಮಧ್ಯಭಾಗ ಬಿಟ್ಟು ಸುಜ್ದಾಲ್‌ಗೆ ಹೋಗಿ. ಅಲ್ಲಿ ಮರದ ಹಳೆಯ ಮನೆ, ಚರ್ಚುಗಳನ್ನು ತಂದು ಕಟ್ಟಿದ ಬಯಲು ಮ್ಯೂಸಿಯಂ ಇದೆ, ಹಿಮ ಇರುತ್ತದೆ, ಊರು ಚಿಕ್ಕದು. ಜೊತೆಗೆ ಯಾರಾದರೂ ಪರಿಚಯದ ರಷ್ಯನ್ ಮನೆ ಇದ್ದು ಬುಧವಾರವೋ ಶುಕ್ರವಾರವೋ ಕರೆದರೆ, ಉಳಿದದ್ದೆಲ್ಲ ಬಿಟ್ಟು ಅಲ್ಲಿಗೆ ಹೋಗಿ.

ಸಬಾಂತುಯ್: ಅಂಗಳಕ್ಕೆ ಇಳಿಯುವವರಿಗೆ

ಪಕ್ಷಪಾತ ಮುಚ್ಚಿಡುವುದಿಲ್ಲ. ನನ್ನ ಓಟು ಇದಕ್ಕೇ.

ತಾತಾರ್ ಭಾಷೆಯಲ್ಲಿ ಸಬಾನ್ ಅಂದರೆ ನೇಗಿಲು, ತುಯ್ ಅಂದರೆ ಮದುವೆ ಅಥವಾ ಔತಣ. ನೇಗಿಲಿನ ಮದುವೆ. ಹಿಂದೆ ವಸಂತದಲ್ಲಿ ಬಿತ್ತನೆಗೆ ಮುಂಚೆ ಮಾಡುತ್ತಿದ್ದರಂತೆ, ಈಗ ಬಿತ್ತನೆ ಮುಗಿಸಿ ಜೂನ್‌ನಲ್ಲಿ ಮಾಡುತ್ತಾರೆ. ಮೊದಲು ಹಳ್ಳಿ ಮತ್ತು ತಾಲ್ಲೂಕುಗಳಲ್ಲಿ, ಆಮೇಲೆ ಕಜಾನ್‌ನಲ್ಲಿ. ತಾತಾರರಷ್ಟೇ ಅಲ್ಲ, ನೆರೆಯ ಬಷ್ಕೀರ್ ಜನರೂ ಮಾಡುತ್ತಾರೆ. ಚುವಾಷ್ ಜನರಲ್ಲಿ ಇದರದೇ ತಂಗಿಯಂಥ ಅಕಾತುಯ್ ಇದೆ. ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುವ ಹೊತ್ತಿಗೇ ಅಲ್ಲಿ ಕುದುರೆ ಓಟ.

ಪೂಜೆ ಪುನಸ್ಕಾರ ಹೆಚ್ಚಿಲ್ಲದ ಹಬ್ಬವಾದ್ದರಿಂದ ಸೋವಿಯತ್ ಸರ್ಕಾರ ಇದನ್ನು ದುಡಿಯುವವರ ಹಬ್ಬ ಎಂದು ಒಪ್ಪಿಕೊಂಡಿತು. ಹಾಗಾಗಿ ನಡುವೆ ಕಡಿಯಲಿಲ್ಲ. ಬೇರೆ ಹಬ್ಬಗಳನ್ನು 1990ರ ಸುಮಾರಿಗೆ ಅಜ್ಜ ಅಜ್ಜಿಯರ ನೆನಪಿನಿಂದ ಮತ್ತೆ ಕಟ್ಟಬೇಕಾಯಿತು, ಇದನ್ನು ಹಾಗೆ ಕಟ್ಟಬೇಕಾಗಲಿಲ್ಲ. ಮೈದಾನದಲ್ಲಿ ನಿಂತರೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಯಾರೂ ಯಾರಿಗೂ ನಿಯಮ ವಿವರಿಸುತ್ತಿರುವುದಿಲ್ಲ.

ಕೇಂದ್ರದಲ್ಲಿ ಕೊರೆಶ್, ಅಂದರೆ ಕುಸ್ತಿ. ಇಬ್ಬರೂ ಒಂದೊಂದು ಟವೆಲನ್ನು ಎದುರಾಳಿಯ ಸೊಂಟಕ್ಕೆ ಸುತ್ತಿ, ಎರಡೂ ತುದಿ ಕೈಗೆ ಬಿಗಿದುಕೊಂಡು, ಎತ್ತಿ ಬೆನ್ನ ಮೇಲೆ ಕೆಡವಬೇಕು. ಕಾಲು ಕೊಟ್ಟು ಬೀಳಿಸುವಂತಿಲ್ಲ. ಮಣ್ಣಿನ ಅಖಾಡ ನೋಡಿ ಬೆಳೆದವರಿಗೆ ಮೊದಲ ಹತ್ತು ನಿಮಿಷ ಏನೋ ಕೈಕಟ್ಟಿದ ಹಾಗೆ ಅನಿಸುತ್ತದೆ. ಆಮೇಲೆ ಹಿಡಿತದ ಸೂಕ್ಷ್ಮ ಕಾಣತೊಡಗುತ್ತದೆ: ಟವೆಲ್ ಎಷ್ಟು ಕೆಳಗಿದೆ, ಯಾರ ಹಣೆ ಯಾರ ಹೆಗಲಿಗೆ ಒತ್ತಿದೆ, ಉಸಿರು ಬಿಡುವಾಗ ಯಾರು ಎತ್ತುತ್ತಾರೆ. ಕೊನೆಗೆ ಗೆದ್ದವನು ಬಾತಿರ್. ಅವನಿಗೆ ಬಹುಮಾನ ಟಗರು. ಅದನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತುತ್ತಾನೆ. ದೊಡ್ಡ ಊರುಗಳಲ್ಲಿ ಟಗರಿನ ಜೊತೆ ಕಾರೂ ಕೊಡುತ್ತಾರೆ, ಆದರೆ ಜನ ಚಪ್ಪಾಳೆ ಹೊಡೆಯುವುದು ಟಗರಿಗೇ.

ಟವೆಲ್ ಅಂದೆನಲ್ಲ, ಅದಕ್ಕೂ ಒಂದು ಕಥೆಯಿದೆ. ಹಿಂದೆ ಹಬ್ಬಕ್ಕೆ ಮುಂಚೆ ಹುಡುಗರು ಕುದುರೆ ಏರಿ ಮನೆಮನೆಗೆ ಹೋಗಿ ಬಹುಮಾನದ ಸಾಮಾನು ಎತ್ತುತ್ತಿದ್ದರು. ಆ ವರ್ಷ ಮದುವೆಯಾಗಿ ಬಂದ ಸೊಸೆ ತಾನೇ ಕಸೂತಿ ಹಾಕಿದ ಟವೆಲ್ ಕೊಡಬೇಕು. ಯಾರ ಟವೆಲ್ ಹೇಗಿದೆ ಎಂದು ಇಡೀ ಊರು ಮಾತಾಡಿಕೊಳ್ಳುತ್ತದೆ. ಎಲ್ಲಕ್ಕಿಂತ ಚೆಂದದ್ದು ಗೆದ್ದವನ ಪಾಲಿಗೆ.

ಕುಸ್ತಿ ನಿಮ್ಮಿಂದ ಆಗದು ಸರಿ. ಸುತ್ತ ನಡೆಯುವ ಆಟಗಳಿಗೆ ಯಾರು ಬೇಕಾದರೂ ಇಳಿಯಬಹುದು. ಬಾಯಲ್ಲಿ ಚಮಚ, ಚಮಚದಲ್ಲಿ ಮೊಟ್ಟೆ ಇಟ್ಟು ಓಟ. ಅಡ್ಡ ದಿಮ್ಮಿಯ ಮೇಲೆ ಕೂತು ಹುಲ್ಲು ತುಂಬಿದ ಚೀಲದಲ್ಲಿ ಬಡಿದಾಟ. ನುಣುಪು ಕಂಬ ಹತ್ತುವುದು, ನಮ್ಮ ಜಾರುಕಂಬದ ಹಾಗೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಗಡಿಗೆ ಒಡೆಯುವುದು. ಇವೆಲ್ಲ ನಮಗೆ ಹೊಸದಲ್ಲ, ನಗು ಬರುವುದೂ ಅದಕ್ಕೇ.

ನಾನು ಎರಡನೇ ವರ್ಷದಲ್ಲಿದ್ದಾಗ ತಾತಾರ್ ಗೆಳೆಯನೊಬ್ಬ ತನ್ನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಅವನ ಅಬಿ, ಅಂದರೆ ಅಜ್ಜಿ, ನನ್ನ ಕೈ ಹಿಡಿದು ಒಂದು ಮೇಜಿನ ಮುಂದೆ ನಿಲ್ಲಿಸಿದಳು. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು, ಪ್ರತಿ ಬಟ್ಟಲಿನಲ್ಲೂ ಕಾತಿಕ್ ಎಂಬ ಗಟ್ಟಿ ಮೊಸರು. ತಳದಲ್ಲಿ ಒಂದು ನಾಣ್ಯ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲೇ ತೆಗೆಯಬೇಕು. ಮೊಸರನ್ನದ ನಾಡಿನಿಂದ ಬಂದವನಿಗೆ ಇದೆಷ್ಟರ ಕೆಲಸ ಎಂದು ಮುಖ ಅದ್ದಿದೆ. ಮೂಗಿನ ಹೊಳ್ಳೆಗೆ ಮೊಸರು, ಕಣ್ಣಿನ ರೆಪ್ಪೆಗೆ ಮೊಸರು, ನಾಣ್ಯ ಮಾತ್ರ ನಾಲಗೆಗೆ ಸಿಕ್ಕಿ ಜಾರುತ್ತಿದೆ. ಪಕ್ಕದ ಬಟ್ಟಲಿನ ಎಂಟು ವರ್ಷದ ಹುಡುಗಿ ತುಟಿಯಿಂದ ನಾಣ್ಯವನ್ನು ಬಟ್ಟಲ ಅಂಚಿಗೆ ಒತ್ತಿ, ಮೇಲಕ್ಕೆ ಸರಿಸಿ, ಹಲ್ಲಲ್ಲಿ ಕಚ್ಚಿ ಎತ್ತಿಯೇ ಬಿಟ್ಟಳು. ನನಗೆ ಸಿಕ್ಕಿದ್ದು ಅಬಿಯ ಸೆರಗಿನ ಒರೆಸು ಮತ್ತು ಮುಂದಿನ ನಾಲ್ಕು ವರ್ಷ "ಕಾತಿಕ್" ಎಂಬ ಅಡ್ಡಹೆಸರು.

ಊಟದ ಮಾತು. ಮಾಂಸ ತಿನ್ನುವವರಿಗೆ ಎಚ್‌ಪೊಚ್‌ಮಾಕ್ ಎಂಬ ಮಾಂಸ ತುಂಬಿದ ತ್ರಿಕೋನದ ಕಡುಬು ಇದೆ. ತಿನ್ನದವರು ಕಿಸ್ತಿಬಿ ಕೇಳಿ: ತೆಳು ರೊಟ್ಟಿಯನ್ನು ಮಡಿಸಿ ಒಳಗೆ ಹಾಲು, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಖಾರ ಮರೆತ ಆಲೂ ಪರೋಟ ಅನ್ನಿ. ಜೊತೆಗೆ ಉಪ್ಪಿನಕಾಯಿ ಪ್ಯಾಕೆಟ್ ಇಟ್ಟುಕೊಂಡರೆ ಜೀವನ ಸುಗಮ. ಕೊನೆಗೆ ಕರಿದ ಹಿಟ್ಟಿನ ತುಣುಕುಗಳನ್ನು ಜೇನಿನಲ್ಲಿ ಕಟ್ಟಿದ ಚಕ್‌ಚಕ್. ಊರಿಗೆ ತರಲು ಇದಕ್ಕಿಂತ ಒಳ್ಳೆಯ ಸಿಹಿ ಇಲ್ಲ, ಬೇಗ ಕೆಡುವುದೂ ಇಲ್ಲ.

ಇಲ್ಲಿ ಒಂದೇ ಆಯ್ಕೆ ಸರಿಯಾಗಿ ಮಾಡಬೇಕು: ನಗರದ್ದೋ ಹಳ್ಳಿಯದೋ. ಕಜಾನ್‌ನ ಸಬಾಂತುಯ್ ಬರ್ಚ್ ಮರಗಳ ತೋಪಿನಲ್ಲಿ ನಡೆಯುತ್ತದೆ, ಸೊಗಸಾಗಿದೆ, ಹೋಗಿಬರುವುದು ಸುಲಭ. ಆದರೆ ಜನಜಂಗುಳಿಯಲ್ಲಿ ಕುಸ್ತಿ ಕಾಣುವುದು ದೊಡ್ಡ ಪರದೆಯಲ್ಲಿ. ಅದಕ್ಕೆ ಒಂದೆರಡು ವಾರ ಮುಂಚೆಯೇ ಆರ್ಸ್ಕ್‌ನಂಥ ಚಿಕ್ಕ ತಾಲ್ಲೂಕು ಊರುಗಳಲ್ಲಿ ನಡೆದು ಮುಗಿದಿರುತ್ತದೆ. ಕಣ್ಣುಮುಚ್ಚಿ ಅಲ್ಲಿಗೆ ಹೋಗಿ. ಮಾಸ್ಕೋದಿಂದ ಕಜಾನ್ ಸುಮಾರು 800 ಕಿ.ಮೀ., ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳಿಯಬಹುದು.

ಇಸಿಯಾಖ್: ದುಡ್ಡೂ ಪುರುಸೊತ್ತೂ ಎರಡೂ ಇರುವವರಿಗೆ

ಸೈಬೀರಿಯಾದ ಈಶಾನ್ಯದಲ್ಲಿ ಯಾಕೂತಿಯಾ. ಅಲ್ಲಿನ ಸಖಾ ಜನರ ಬೇಸಿಗೆಯ ಹೊಸವರ್ಷ ಇಸಿಯಾಖ್, ಜೂನ್ 21ರ ಆಸುಪಾಸು. ಜನವರಿಯಲ್ಲಿ ಮೈನಸ್ 40 ಡಿಗ್ರಿಗೆ ಇಳಿಯುವ ಊರಿನಲ್ಲಿ ಬೇಸಿಗೆ ಎಂದರೆ ಏನೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಯಾಕೂತ್ಸ್ಕ್ ನಗರದ ಹೊರಗೆ ಉಸ್ ಖತಿನ್ ಎಂಬ ಬಯಲಿನಲ್ಲಿ ಸಾವಿರಾರು ಜನ ಸೇರುತ್ತಾರೆ.

ಬಿಳಿ ಬಟ್ಟೆಯ ಹಿರಿಯ ಬೆಂಕಿಗೆ ಕುಮಿಸ್ ಚಿಮುಕಿಸಿ ಹರಕೆ ಹೇಳುತ್ತಾನೆ. ಕುಮಿಸ್ ಅಂದರೆ ಹುಳಿ ಬರಿಸಿದ ಕುದುರೆ ಹಾಲು. ಅದನ್ನು ಕುಡಿಯುವುದು ಚೊರೋನ್ ಎಂಬ ಕೆತ್ತನೆಯ ಮರದ ಪಾತ್ರೆಯಲ್ಲಿ. ಹಿರಿಯರ ಕೈಯಲ್ಲಿ ಕುದುರೆ ಬಾಲದ ಕೂದಲಿನ ಕುಚ್ಚು ಕಾಣುತ್ತದೆ, ದೇಯ್‌ಬೀರ್ ಅಂತ. ನಮ್ಮ ಚಾಮರವೇ. ಪೂಜೆಗೂ ಅದೇ, ಸೊಳ್ಳೆ ಓಡಿಸಲೂ ಅದೇ. ಜೂನ್‌ನಲ್ಲಿ ಯಾಕೂತಿಯಾದ ಸೊಳ್ಳೆಗಳನ್ನು ಒಮ್ಮೆ ನೋಡಿದವರು ಈ ಎರಡೂ ಕೆಲಸ ಒಂದೇ ಸಾಮಾನಿಗೆ ಏಕೆ ಸಿಕ್ಕಿತು ಎಂದು ಕೇಳುವುದಿಲ್ಲ.

ಆಮೇಲೆ ಒಸುಒಖಾಯ್. ಎಲ್ಲರೂ ಕೈಕೈ ಹಿಡಿದು ದೊಡ್ಡ ವೃತ್ತ ಮಾಡಿ, ಸೂರ್ಯ ಸರಿಯುವ ದಿಕ್ಕಿನಲ್ಲಿ ಸುತ್ತುತ್ತಾರೆ. ಒಬ್ಬ ಸಾಲು ಎತ್ತಿಕೊಡುತ್ತಾನೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಹೆಜ್ಜೆ ಸುಲಭ, ಭಾಷೆ ಬರಬೇಕಿಲ್ಲ, ಎರಡು ಕೈಗಳ ನಡುವೆ ನುಗ್ಗಿದರೆ ಸಾಕು. ಕತ್ತಲೇ ಆಗದ ಆ ರಾತ್ರಿಯ ಕೊನೆಗೆ, ನಸುಕಿನಲ್ಲಿ, ಇಡೀ ಬಯಲು ಅಂಗೈ ಎತ್ತಿ ಸೂರ್ಯನ ಕಡೆ ಹಿಡಿಯುತ್ತದೆ.

ಕರ್ನಾಟಕ ಸಂಗೀತ ಕೇಳುವವರಿಗೆ ಇಲ್ಲಿ ಇನ್ನೊಂದು ಆಕರ್ಷಣೆ ಇದೆ. ಸಖಾ ಜನರ ಜೀವನಾಡಿಯಾದ ವಾದ್ಯ ಖೊಮುಸ್, ನಮ್ಮ ಮೋರ್ಸಿಂಗ್‌ನ ಖಾಸಾ ದಾಯಾದಿ. ನಮ್ಮಲ್ಲಿ ಅದು ಮೃದಂಗದ ಪಕ್ಕ ಕೂತು ಲೆಕ್ಕಾಚಾರ ನುಡಿಸುತ್ತದೆ. ಅಲ್ಲಿ ಒಂಟಿಯಾಗಿ ಕುದುರೆಯ ಕೆನೆತ, ಕೋಗಿಲೆ, ಹಿಮ ಕರಗಿ ತೊಟ್ಟಿಕ್ಕುವ ಸದ್ದು ಎಲ್ಲವನ್ನೂ ಮಾಡಿ ತೋರಿಸುತ್ತದೆ. ಯಾಕೂತ್ಸ್ಕ್‌ನಲ್ಲಿ ಖೊಮುಸ್‌ಗೇ ಮೀಸಲಾದ ಮ್ಯೂಸಿಯಂ ಇದೆ. ಕುಶಲ ಕಮ್ಮಾರರು ಮಾಡಿದ ಖೊಮುಸ್ ಕೊಂಡು ತರಬಹುದು. ಉಕ್ಕಿನದು, ಹಾಗಾಗಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ತೊಡಕು ಎರಡು. ಮಾಸ್ಕೋದಿಂದ ಮತ್ತೆ ಆರು ಗಂಟೆಗೂ ಮೀರಿದ ವಿಮಾನ, ಗಡಿಯಾರ ಆರು ಗಂಟೆ ಮುಂದೆ. ಹಬ್ಬದ ಹೊತ್ತಿಗೆ ಟಿಕೆಟ್ ಮತ್ತು ರೂಮು ಎರಡೂ ದುಬಾರಿ. ಸಸ್ಯಾಹಾರಿಗಳಿಗಂತೂ ಕಷ್ಟವೇ: ಕುದುರೆ ಮಾಂಸ ಮತ್ತು ಮೀನಿನ ಸೀಮೆ ಅದು. ನಾನು ಹೋದಾಗ ಬ್ರೆಡ್ಡು, ಕಾಡುಹಣ್ಣು ಹಾಕಿದ ಕೆನೆ, ಊರಿನಿಂದ ಒಯ್ದ ಚಟ್ನಿಪುಡಿಯಲ್ಲಿ ದಿನ ನೂಕಿದೆ. ಕುಮಿಸ್ ರುಚಿ ಕೇಳಬೇಡಿ, ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿದಂತೆ. ಸ್ವಲ್ಪ ಅಮಲೂ ಇರುತ್ತದೆ.

ಸಗಾಲ್ಗಾನ್ ಮತ್ತು ತ್ಸಗಾನ್ ಸಾರ್: ಗದ್ದಲ ಬೇಡದವರಿಗೆ

ಬೈಕಾಲ್ ಸರೋವರದ ಆಚೆ ಬುರ್ಯಾತಿಯಾ, ಕ್ಯಾಸ್ಪಿಯನ್ ಸಮುದ್ರದ ಈಚೆ ಕಲ್ಮೀಕಿಯಾ. ನಡುವೆ ಸಾವಿರಾರು ಕಿ.ಮೀ. ಆದರೆ ಎರಡೂ ಮಂಗೋಲ್ ಮೂಲದ ಬೌದ್ಧರ ನಾಡು. ಎರಡೂ ಕಡೆ ಬಿಳಿಯ ತಿಂಗಳ ಹಬ್ಬ ಬರುವುದು ಫೆಬ್ರವರಿ ಇಲ್ಲವೇ ಮಾರ್ಚ್ ಆರಂಭದ ಅಮಾವಾಸ್ಯೆಯ ಸುತ್ತಮುತ್ತ. ಬುರ್ಯಾತರು ಸಗಾಲ್ಗಾನ್ ಅನ್ನುತ್ತಾರೆ, ಅವರಿಗೆ ಅದೇ ಹೊಸವರ್ಷ. ಕಲ್ಮೀಕರು ತ್ಸಗಾನ್ ಸಾರ್ ಅನ್ನುತ್ತಾರೆ, ಅವರಿಗೆ ಅದು ವಸಂತದ ಹಬ್ಬ. ಬಿಳಿ ಎಂದರೆ ಹಾಲು. ಮೊದಲು ಹಾಲಿನ ಪದಾರ್ಥ ಬಾಯಿಗಿಟ್ಟೇ ಹಬ್ಬ ಶುರು.

ಬುರ್ಯಾತರ ಹಬ್ಬಕ್ಕೆ ಎರಡು ದಿನ ಮುಂಚೆ ಮಠಗಳಲ್ಲಿ ದುಗ್‌ಜೂಬಾ ಎಂಬ ಬೆಂಕಿಯ ಆಚರಣೆ. ಜನ ಮನೆಯಿಂದ ಹಿಟ್ಟಿನ ಉಂಡೆ ತರುತ್ತಾರೆ. ಅದನ್ನು ತಲೆಯಿಂದ ಕಾಲಿನವರೆಗೆ, ನೋವಿರುವ ಕಡೆ ಇನ್ನಷ್ಟು ಒತ್ತಿ, ಮೈಗೆಲ್ಲ ಸವರಿ, ಬೆಂಕಿಗೆ ಹಾಕುತ್ತಾರೆ. ಹೋದ ವರ್ಷದ ರೋಗರುಜಿನ, ಕೆಟ್ಟದ್ದೆಲ್ಲ ಅದರೊಂದಿಗೆ ಸುಟ್ಟುಹೋಯಿತೆಂದು. ಇದಕ್ಕೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಣೆ ಓದಿದ್ದೆ. ಕನ್ನಡದಲ್ಲಿ ಒಂದೇ ಮಾತು ಸಾಕು, ನಿವಾಳಿಸುವುದು. ಹಬ್ಬದ ದಿನದ ನಸುಕಿಗೆ ಯಾರೂ ಮಲಗಿರಬಾರದು. ಲಾಮೋ ದೇವಿ ಬಂದು ಬದುಕಿರುವವರ ತಲೆ ಎಣಿಸುತ್ತಾಳಂತೆ, ಮಲಗಿದವರನ್ನು ಸತ್ತವರೆಂದು ಬಿಟ್ಟುಬಿಟ್ಟಾಳು. ಬೆಳಗಾದ ಮೇಲೆ ಕಿರಿಯರು ಅಂಗೈ ಮೇಲೆ ಮಾಡಿ ಕೈಚಾಚುತ್ತಾರೆ, ಹಿರಿಯರು ತಮ್ಮ ತೋಳನ್ನು ಅದರ ಮೇಲೆ ಇಡುತ್ತಾರೆ. ನಿಮ್ಮ ಮೊಣಕೈಗೆ ನಾನು ಆಸರೆ ಎಂಬ ಹಾಗೆ.

1930ರ ದಶಕದಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದ್ದರು. ಬುರ್ಯಾತಿಯಾದ ರಾಜಧಾನಿ ಉಲಾನ್-ಉದೆ ಹತ್ತಿರದ ಇವೋಲ್ಗಿನ್ಸ್ಕಿ ದತ್ಸಾನ್, ಅಂದರೆ ಮಠ, 1945ರಲ್ಲಿ ಹೊಸದಾಗಿ ಶುರುವಾದದ್ದು. 1927ರಲ್ಲಿ ತೀರಿಕೊಂಡ ಖಂಬೋ ಲಾಮಾ (ಬೌದ್ಧರ ಹಿರಿಯ ಗುರು) ಇತಿಗೆಲೋವ್ ಅವರ ದೇಹವನ್ನು 2002ರಲ್ಲಿ ಹೊರತೆಗೆದು ಅಲ್ಲೇ ಇಟ್ಟಿದ್ದಾರೆ, ಪದ್ಮಾಸನದಲ್ಲೇ. ದೊಡ್ಡ ಹಬ್ಬಗಳಂದು ದರ್ಶನಕ್ಕೆ ಬಿಡುತ್ತಾರೆ. ಇಂಥದ್ದರಲ್ಲಿ ಶ್ರದ್ಧೆ ಇರುವವರು ಉಲಾನ್-ಉದೆಯನ್ನೇ ಆರಿಸಿಕೊಳ್ಳಿ. ಮೈನಸ್ 20ರ ಚಳಿಗೆ ಮಾತ್ರ ತಯಾರಿ ಬೇಕು.

ಕಲ್ಮೀಕಿಯಾದ ರಾಜಧಾನಿ ಎಲಿಸ್ತಾ ಇದಕ್ಕಿಂತ ಬೆಚ್ಚಗೆ, ಮಾಸ್ಕೋಗೂ ಹತ್ತಿರ. ಸ್ಟಾಲಿನ್ ಕಾಲದಲ್ಲಿ, 1943ರ ಡಿಸೆಂಬರ್ 28ರಂದು ಇಡೀ ಕಲ್ಮೀಕ್ ಜನಾಂಗವನ್ನೇ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಮರಳಿ ಬರಲು ಬಿಟ್ಟದ್ದು 1957ರಲ್ಲಿ. ಆ ಊರಿನ ನಡುವೆ ಈಗಿರುವ ಚಿನ್ನದ ಬಣ್ಣದ ದೊಡ್ಡ ಬುದ್ಧಾಲಯ 2005ರ ಡಿಸೆಂಬರ್‌ನಲ್ಲಿ ತೆರೆಯಿತು. ಹಬ್ಬಕ್ಕೆ ಉಪ್ಪು, ಹಾಲು, ಬೆಣ್ಣೆ ಹಾಕಿದ ಚಹಾ ಮತ್ತು ಬೋರ್ತ್ಸೊಕ್ ಎಂಬ ಕರಿದ ಹಿಟ್ಟಿನ ತಿಂಡಿ. ಸಸ್ಯಾಹಾರಿ ಇವೆರಡರಲ್ಲೇ ತೃಪ್ತನಾಗಬೇಕು. ಬುರ್ಯಾತಿಯಾದಲ್ಲೂ ಅಷ್ಟೆ, ಅಲ್ಲಿನ ಹೆಮ್ಮೆಯ ಬೂಜಾ ಕಡುಬಿನೊಳಗೆ ಇರುವುದು ಮಾಂಸ.

ಇಲ್ಲಿ ಷಡ್ಡಕನಿಗೆ ಒಂದು ವಿಷಯ ಹೇಳಿ ಅಚ್ಚರಿಗೊಳಿಸಿದೆ. ಕಲ್ಮೀಕ್ ಮತ್ತು ಬುರ್ಯಾತ್ ಸನ್ಯಾಸಿಗಳು ಪರಂಪರೆಯಿಂದ ಓದಲು ಹೋಗುತ್ತಿದ್ದುದು ಟಿಬೆಟಿನ ದ್ರೆಪುಂಗ್ ಗೋಮಾಂಗ್ ವಿದ್ಯಾಲಯಕ್ಕೆ. ಆ ಗೋಮಾಂಗ್ ಈಗಿರುವುದು ಷಡ್ಡಕನ ಮನೆಯಿಂದ ಒಂದೂವರೆ ಗಂಟೆ ದಾರಿಯ ಮುಂಡಗೋಡಿನಲ್ಲಿ. ಎಲಿಸ್ತಾದಲ್ಲೋ ಇವೋಲ್ಗಿನ್ಸ್ಕಿಯಲ್ಲೋ ಲಾಮಾ ಒಬ್ಬರು "ಹುಬ್ಲಿ" ಎಂದು ಗುರುತು ಹಿಡಿದರೆ ಗಾಬರಿಯಾಗಬೇಡಿ. ಅವರು ಅಲ್ಲಿ ಬಸ್ಸು ಹತ್ತಿದವರೇ ಇರಬಹುದು.

ನೌರಿಜ್: ವೀಸಾ ಗೋಜಲು ಬೇಡದವರಿಗೆ

ಚಿಕ್ಕದಾಗಿ ಹೇಳುತ್ತೇನೆ. ಮಾರ್ಚ್ 21ರ ಸುತ್ತ ಕಜಾಕಸ್ತಾನ, ಉಜ್ಬೆಕಿಸ್ತಾನ, ಕಿರ್ಗಿಸ್ತಾನಗಳ ಹೊಸವರ್ಷ. ಕಜಾಕಸ್ತಾನದಲ್ಲಿ 1926ರಿಂದ ನಿಷೇಧವಾಗಿ 1988ರಲ್ಲಿ ಮತ್ತೆ ಬಂತು. ಭಾರತೀಯರಿಗೆ ಅಲ್ಲಿ 2022ರ ಜುಲೈನಿಂದ 14 ದಿನ ವೀಸಾ ಬೇಡ. ಏಳು ಪದಾರ್ಥಗಳ ನೌರಿಜ್-ಕೋಜೆ ಎಂಬ ಗಂಜಿ ಹಬ್ಬದ ಗುರುತು, ಆದರೆ ಏಳರಲ್ಲೊಂದು ಸಾಮಾನ್ಯವಾಗಿ ಮಾಂಸ.

ಸಸ್ಯಾಹಾರಿಗಳು ಹಾಗಾಗಿ ಉಜ್ಬೆಕಿಸ್ತಾನಕ್ಕೆ ಹೋಗಿ ಸುಮಲಕ್ ಹುಡುಕಬೇಕು. ಮೊಳಕೆ ಬರಿಸಿದ ಗೋಧಿಯ ರಸ, ಹಿಟ್ಟು, ಎಣ್ಣೆ, ಇಷ್ಟೇ. ಸಕ್ಕರೆ ಇಲ್ಲ. ಕೇರಿಯ ಹೆಂಗಸರೆಲ್ಲ ಸೇರಿ ದೊಡ್ಡ ಕೊಪ್ಪರಿಗೆಯಲ್ಲಿ ರಾತ್ರಿಯಿಡೀ ತಿರುವುತ್ತಾರೆ. ತಳ ಹತ್ತದಿರಲೆಂದು ಒಂದಷ್ಟು ಬೆಣಚುಕಲ್ಲು ತೊಳೆದು ಹಾಕಿರುತ್ತಾರೆ, ತಿರುವುವಾಗ ಅವು ಕೊಪ್ಪರಿಗೆಯ ತಳದಲ್ಲಿ ಗಲಗಲ ಎನ್ನುತ್ತವೆ. ಬೆಳಗ್ಗೆ ಬಡಿಸಿದ ಬಟ್ಟಲಲ್ಲಿ ಕಲ್ಲು ಸಿಕ್ಕವರ ಬಯಕೆ ಈಡೇರುತ್ತದಂತೆ. ಬಣ್ಣ ರಾಗಿ ಮಣ್ಣಿಯದು, ಸಿಹಿ ಮೊಳಕೆಯದು. ಆ ರಾತ್ರಿ ಅಂಗಳದೊಳಗೆ ಕರೆದರೆ ಸೌಟು ನಿಮ್ಮ ಕೈಗೂ ಬರುತ್ತದೆ. ಚೌಕದಲ್ಲಿ ನಡೆಯುವ ಸರ್ಕಾರಿ ಮೆರವಣಿಗೆ ನೋಡಲು ಹೋಗುವುದಾದರೆ ಬೇಡ.

ಒಂದು ಲೆಕ್ಕ: 2027ರಲ್ಲಿ ಮಾಸ್ಲೆನಿತ್ಸಾ ಮಾರ್ಚ್ 14ಕ್ಕೆ ಮುಗಿಯುತ್ತದೆ, ನೌರಿಜ್ 21ಕ್ಕೆ ಬರುತ್ತದೆ. ರಜೆ ಹೊಂದಿದರೆ ಒಂದೇ ಪ್ರವಾಸದಲ್ಲಿ ಎರಡೂ ಆಗುತ್ತದೆ. ಜೂನ್‌ನ ಎರಡನ್ನು ಹೀಗೆ ಕೂಡಿಸಲು ಹೋಗಬೇಡಿ. ಕಜಾನ್ ಮತ್ತು ಯಾಕೂತ್ಸ್ಕ್ ನಡುವೆ ಓಡಾಡಿ ಎರಡೂ ಕೆಡುತ್ತವೆ.

ಟಿಕೆಟ್‌ಗೆ ಮುಂಚೆ

ರಷ್ಯಾಕ್ಕೆ ಭಾರತೀಯರಿಗೂ 2023ರ ಆಗಸ್ಟ್‌ನಿಂದ ಇ-ವೀಸಾ ಇದೆ. ಎಷ್ಟು ದಿನ, ಯಾವ ಗಡಿಯಿಂದ ಎಂಬುದನ್ನು ಅವರ ವಿದೇಶಾಂಗ ಇಲಾಖೆಯ ತಾಣದಲ್ಲೇ ನೋಡಿ. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ನಗದು ಒಯ್ಯಬೇಕು, ಮಡಿಕೆ ಹರುಕು ಇಲ್ಲದ ಹೊಸ ನೋಟು. ಯುದ್ಧದಲ್ಲಿರುವ ದೇಶ, ವಿಮಾನ ನಿಲ್ದಾಣಗಳು ಇದ್ದಕ್ಕಿದ್ದಂತೆ ಮುಚ್ಚುವುದುಂಟು. ಹಬ್ಬದ ಹಿಂದಿನ ದಿನವೇ ತಲುಪುವ ಲೆಕ್ಕ ಇಡಬೇಡಿ, ಎರಡು ದಿನ ಮುಂಚೆ ಇರಲಿ. ನಮ್ಮ ಸರ್ಕಾರದ ಪ್ರಯಾಣ ಸೂಚನೆ ಓದದೆ ಹೊರಡಲೂ ಬೇಡಿ. ನಾನೊಮ್ಮೆ ಏಜೆಂಟ್ ಒಬ್ಬರ ಮಾತು ನಂಬಿ ಹಬ್ಬ ಮುಗಿದ ಮಾರನೆಯ ದಿನ ಊರಿಗೆ ತಲುಪಿದ್ದೆ. ಆತ ಹೇಳಿದ್ದು ಹಿಂದಿನ ವರ್ಷದ ತಾರೀಖು. ಸಬಾಂತುಯ್, ಸಗಾಲ್ಗಾನ್ ಎರಡರ ತಾರೀಖನ್ನೂ ಆಯಾ ಗಣರಾಜ್ಯ (ರಷ್ಯಾದೊಳಗಿನ ಪ್ರಾಂತ್ಯದ ಸರ್ಕಾರ) ಆ ವರ್ಷ ಪ್ರಕಟಿಸಿದ ಮೇಲೆಯೇ ನಂಬಿ.

ಹಾಗಾದರೆ ಯಾರಿಗೆ ಯಾವುದು? ಮೊದಲ ಸಲ ಹೋಗುವ ಸಸ್ಯಾಹಾರಿ ಕುಟುಂಬಕ್ಕೆ ಸುಜ್ದಾಲ್‌ನ ಮಾಸ್ಲೆನಿತ್ಸಾ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಎಲಿಸ್ತಾ. ಕ್ಯಾಮೆರಾ ಹಿಡಿದವರು ಯಾಕೂತ್ಸ್ಕ್‌ಗೆ ಹೋಗಲಿ, ಕತ್ತಲಾಗುವುದಿಲ್ಲ. ಒಂದೇ ವಾರ ರಜೆ ಇದ್ದವರಿಗೆ ನೌರಿಜ್. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಮೈ ಬಗ್ಗಿಸಿ ನಗಬಲ್ಲವರಿಗೂ ಸಬಾಂತುಯ್, ಅದೂ ತಾಲ್ಲೂಕಿನದು.

ಇಷ್ಟೆಲ್ಲ ಕೇಳಿ ಷಡ್ಡಕ ಒಂದು ನಿಮಿಷ ಸುಮ್ಮನಿದ್ದರು. "ನಿಮ್ಮ ಕಜಾನ್‌ದಾಗ ಜೂನ್‌ಕ್ಕ ಬಿತ್ತನಿ ಮುಗಿದು ಹಬ್ಬ ಮಾಡ್ತಾರ ಅಂದಿ. ನಮ್ದು ಆವಾಗ ಚಾಲೂ ಆಗಿರ್ತೈತಲ್ಲೋ ಮಾರಾಯ. ಮಳಿ ಬಿದ್ದ ಮ್ಯಾಲ ಹೊಲ ಬಿಟ್ಟು ಹ್ಯಾಂಗ ಬರ್ಲಿ?"

ಅವರು ಬರುತ್ತಿಲ್ಲ. ಅತ್ತಿಗೆ ತಮ್ಮ ಶಾಲೆಯ ಇಬ್ಬರು ಟೀಚರ್ ಗೆಳತಿಯರ ಜೊತೆ ಹೊರಟಿದ್ದಾರೆ, ಚಟ್ನಿಪುಡಿ ಆಗಲೇ ಕುಟ್ಟಿಯಾಗಿದೆಯಂತೆ. ಅವರಿಗೆ ಟವೆಲು, ಟಗರು, ಚಕ್‌ಚಕ್ ಎಲ್ಲ ಹೇಳಿದ್ದೇನೆ. ಮೊಸರಿನ ಬಟ್ಟಲಿನ ವಿಷಯ ಮಾತ್ರ ಹೇಳಿಲ್ಲ.